ವಿಭೂತಿಗಣ್ಣಿನ ಮನೆತನ

ಅಂಬೇವಾಡಿ, ದಾಂಡೇಲಿ
೧೨ ಜನವರಿ ೨೦೨೫

ಬೀಗರಾದ ಚನಬಸಪ್ಪನವರಿಗೆ,

ಕುಶಲಪ್ರಶ್ನೆಯಿಂದ ಪತ್ರವನ್ನು ತೊಡಗುವುದು ನಮ್ಮ ಹಿರಿಯರ ಪದ್ಧತಿ. ಮೊನ್ನೆ ನೀವು ಫೋನನ್ನು ಕುಕ್ಕಿದ ರಭಸದಿಂದಲೇ ನಿಮ್ಮ ದೇಹಬಲ ತಿಳಿದಿರುವುದರಿಂದ ಆ ಪದ್ಧತಿಯನ್ನು ಬಿಟ್ಟಿದ್ದೇನೆ. ಫೋನಿನಲ್ಲಿ ಆಡಿದ್ದನ್ನು ಆಡಲಿಲ್ಲವೆನ್ನಬಹುದು. ಕಾಗದಕ್ಕೆ ಆ ಸೌಕರ್ಯವಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ಕೈ ಇದು. ನಿಮಗೆ ಅರ್ಥವಾಗುವಂತೆ ಬರೆಯಬಲ್ಲೆನೆಂದು ನಂಬಿದ್ದೇನೆ.

ನಿಮ್ಮ ಮಗಳು, ನನ್ನ ಸೊಸೆ ದ್ರಾಕ್ಷಾಯಣಿಯ ರಕ್ತದಲ್ಲಿ ಕೆಟ್ಟ ಕೊಬ್ಬು ಇನ್ನೂರ ಎಪ್ಪತ್ತು ದಾಟಿದೆ. ನೂರರ ಒಳಗಿರಬೇಕಾದದ್ದು. ಅವಳಿಗಿನ್ನೂ ಮೂವತ್ತಾರು. ಧಾರವಾಡದ ಹೃದಯದ ಡಾಕ್ಟರು ಸ್ಟಾಟಿನ್ ಎಂಬ ಗುಳಿಗೆ ಕೊಟ್ಟರು. ತೊಡೆಯ ಸ್ನಾಯುಗಳು ಎಷ್ಟು ನೊಂದವೆಂದರೆ ನೆಲದಿಂದ ಏಳಲು ಗೋಡೆ ಹಿಡಿಯಬೇಕಾಯಿತು. ಅದೇ ಜಾತಿಯ ಬೇರೊಂದನ್ನು ಕೊಟ್ಟರು, ಅದೂ ಹಾಗೆಯೇ. ಈಗ ಬೇರೆ ದಾರಿಯ ಔಷಧಗಳ ಮಾತು ನಡೆದಿದೆ. ಅವುಗಳಿಂದಲೂ ಆಗದಿದ್ದರೆ ಸೂಜಿ.

ಅದಕ್ಕೂ ಮೊದಲು ಡಾಕ್ಟರು ಕೇಳಿದರು: "ಇವ್ರ ಮನಿತನದಾಗ ಸಣ್ಣ ವಯಸ್ಸಿನಾಗ ಯಾರರ ಎದಿ ನೋವಂತ ಹೋಗ್ಯಾರೇನ್ರಿ ಟೀಚರ್ರ?" ತಾಯಿ ನೀಲಕ್ಕನವರು ಗ್ಯಾಸಾಗಿ ತೀರಿಕೊಂಡರೆಂದು ನೀವು ಹೇಳಿದ್ದನ್ನೇ ಹೇಳಿದೆ. ತಂದೆಯ ಕಡೆಯದು ತಿಳಿಯದು ಎಂದೆ. ಕಣ್ಣಿನ ಕರಿಯ ಸುತ್ತ ಬಿಳಿ ಬಳೆ, ಬೆರಳ ಗಿಣ್ಣುಗಳ ಮೇಲೆ ಮತ್ತು ಹಿಮ್ಮಡಿಯ ನರದ ಮೇಲೆ ಗಂಟು: ಇವು ಯಾರಿಗಾದರೂ ಇದ್ದವೇ ಎಂದೂ ವಿಚಾರಿಸಿದರು.

ಹೆಣ್ಣು ಕೊಡುವಾಗ ಅವಳ ಜೊತೆಗೆ ಏನೇನು ಕಳುಹಿಸಿದಿರೆಂದು ನಾನು ಈವರೆಗೆ ಕೇಳಿದವಳಲ್ಲ. ಈಗ ಕೇಳುತ್ತಿದ್ದೇನೆ.

ಉತ್ತರವನ್ನು ಅಂಚೆಯಲ್ಲೇ ಕಳುಹಿಸಿ.

ಗುರುಬಸವ್ವ

*

ಮುಂಡಗೋಡ
೨೫ ಜನವರಿ ೨೦೨೫

ಬೀಗಿತಿ ಗುರುಬಸವ್ವನವರಿಗೆ, ಕರಸ್ಥಲದ ಲಿಂಗವನ್ನು ಸಾಕ್ಷಿಯಾಗಿರಿಸಿಕೊಂಡು ಬರೆದದ್ದು.

ನಿಮ್ಮ ಪತ್ರದ ಕೊನೆಯ ಮಾತನ್ನು ಎರಡು ಸಲ ಓದಿದೆ. ಮದುವೆಯಾಗಿ ಹನ್ನೆರಡು ವರ್ಷ ಕಳೆದ ಮೇಲೆ, ಕೊಂಡ ದನದ ಸುಳಿ ನೋಡುವವರಂತೆ, ಕೊಟ್ಟ ಹೆಣ್ಣಿನಲ್ಲಿ ಊನ ಹುಡುಕುತ್ತಿದ್ದೀರಿ. ನಮ್ಮ ಮನೆತನ ಎಂಥದೆಂಬುದು ನಿಮಗೆ ತಿಳಿಯದು. ಆದ್ದರಿಂದ ತಿಳಿಸುವುದು ನನ್ನ ಧರ್ಮ.

ನನ್ನ ತಂದೆ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಪ್ರಾತಃಕಾಲದ ಪೂಜೆಯಲ್ಲಿ, ಅಂಗೈಯ ಲಿಂಗದಿಂದ ದೃಷ್ಟಿ ಕದಲಿಸದೆ, ಕುಳಿತ ಆಸನದಲ್ಲಿಯೇ ಲಿಂಗೈಕ್ಯರಾದರು. ಹಿಂದಿನ ದಿನ ಹೊಲ ಹರಗಿ ಬಂದಿದ್ದ ಗಟ್ಟಿ ದೇಹ, ರೋಗವಿಲ್ಲ, ನರಳಿಕೆಯಿಲ್ಲ. ನನ್ನ ಅಣ್ಣನೂ ಹಾಗೆಯೇ, ನಲವತ್ತಾರಕ್ಕೆ, ವಿಭೂತಿ ಧರಿಸುತ್ತಿರುವಾಗ. ಇಬ್ಬರ ಗದ್ದುಗೆಗಳೂ ನಮ್ಮ ಹೊಲದಲ್ಲಿವೆ. ಹಬ್ಬದ ದಿನ ಹತ್ತೂರಿನವರು ಬಂದು ಕಾಯಿ ಒಡೆಯುತ್ತಾರೆ.

ನೀವು ಕೇಳಿದ ಬಿಳಿ ಬಳೆ ಇಬ್ಬರ ಕಣ್ಣಿನಲ್ಲಿಯೂ ಇತ್ತು. ಅದನ್ನು ನೋಡಿಯೇ ನಮ್ಮನ್ನು 'ವಿಭೂತಿಗಣ್ಣಿನವರು' ಎಂದು ಕರೆಯುವುದು. ಬೆರಳ ಗಿಣ್ಣುಗಳ ಮೇಲಿನ ಗಂಟುಗಳು ಪೂಜೆಯಲ್ಲಿ ಕೈ ಮಡಿಸಿ, ನೆಲಕ್ಕೂರಿ, ನಮಿಸಿ ನಮಿಸಿ ಮೂಡಿದವು, ಹಿಮ್ಮಡಿಯವು ಆಸನದವು. ನಮ್ಮಲ್ಲಿ ಅವಕ್ಕೆ ಪೂಜೆಯ ಗಂಟು ಎನ್ನುತ್ತಾರೆ. ನಮ್ಮೂರ ಜನ ನನ್ನ ತಂದೆಯ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅದನ್ನು ನಿಮ್ಮ ಡಾಕ್ಟರು ಕೊಬ್ಬು ಎನ್ನುತ್ತಾನೆ! ಶಿವನ ಗುರುತನ್ನು ಪ್ರಯೋಗಶಾಲೆಯಲ್ಲಿ ಅಳೆಯುವ ಕಾಲ ಬಂದಿತಲ್ಲಾ.

ಮಗಳ ರಕ್ತ ಕೆಟ್ಟಿದ್ದರೆ ನಿಮ್ಮ ಅಡುಗೆಮನೆಯನ್ನು ಕೇಳಿ. ನಾನು ಬಂದಾಗಲೆಲ್ಲ ಬಾಣಲೆ ಒಲೆಯಿಂದ ಇಳಿದದ್ದನ್ನು ಕಂಡಿಲ್ಲ. "ಮಿರ್ಚಿ ಇನ್ನೊಂದು ಹಾಕ್ಕೋರಿ ಬೀಗರ" ಎಂಬುದೇ ನಿಮ್ಮ ಮನೆಯ ಮಂತ್ರ.

ಸೂಜಿಯ ವಿಷಯವಾಗಿ ಮಗಳಿಗೆ ಬೇರೆ ಪತ್ರ ಬರೆದಿದ್ದೇನೆ. ಲಿಂಗಕ್ಕೆ ಅರ್ಪಿಸದೆ ಯಾವುದನ್ನೂ ಅಂಗಕ್ಕೆ ತೆಗೆದುಕೊಳ್ಳಬಾರದೆಂಬ ವ್ರತವನ್ನು ಅವಳು ತಾಯಿಯ ಸಮಾಧಿಯ ಮುಂದೆ ಹಿಡಿದವಳು. ಗುಳಿಗೆಯನ್ನು ಅಂಗೈಯಲ್ಲಿಟ್ಟು ಅರ್ಪಿಸಿ ನುಂಗಬಹುದು. ಚರ್ಮದೊಳಗೆ ಕಳ್ಳನಂತೆ ನುಗ್ಗುವ ಸೂಜಿಯನ್ನು ಅರ್ಪಿಸುವುದೆಲ್ಲಿ? ಅದು ಅನರ್ಪಿತ. ಅಲ್ಲದೆ, ಅದನ್ನು ಚುಚ್ಚಿಸಿಕೊಂಡ ದಿನ ಅವಳು ತನ್ನ ಅಜ್ಜನನ್ನು ರೋಗಿಯೆಂದು ಒಪ್ಪಿಕೊಂಡಂತೆ.

ಚನಬಸಪ್ಪ

*

ಅಂಬೇವಾಡಿ
೯ ಫೆಬ್ರವರಿ ೨೦೨೫

ಚನಬಸಪ್ಪನವರಿಗೆ,

ನಿರಾಕರಿಸಲೆಂದು ನೀವು ಬರೆದ ಪತ್ರವೇ ಡಾಕ್ಟರಿಗೆ ಬೇಕಾಗಿದ್ದ ಉತ್ತರವಾಯಿತು. ಅದನ್ನು ಓದಿ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹುಟ್ಟಿನಿಂದಲೇ ರಕ್ತದಲ್ಲಿ ಇಳಿದುಬರುವ ರೋಗವಿದು. ಹೆತ್ತವರಲ್ಲಿ ಒಬ್ಬರಿಗಿದ್ದರೆ ಮಕ್ಕಳಲ್ಲಿ ಅರ್ಧದಷ್ಟು ಜನಕ್ಕೆ ದಾಟುತ್ತದೆ. ಮಿರ್ಚಿ ಬಿಟ್ಟರೂ, ಉಪವಾಸ ಬಿದ್ದರೂ ಹೋಗುವುದಿಲ್ಲ. ನನ್ನ ಬಾಣಲೆಯನ್ನು ಈ ಆರೋಪದಿಂದ ಬಿಡುಗಡೆ ಮಾಡಿ. ಅದೇ ಬಾಣಲೆಯದನ್ನು ತಿಂದ ನನ್ನ ಮಗ ಅಜಯನ ರಕ್ತ ನೀರಿನಂತಿದೆ.

ನೀವು ಮಗಳಿಗೆ ಬರೆದ ಪತ್ರ ದೇವರ ಜಗಲಿಯ ಮೇಲೆ ವಿಭೂತಿಗಟ್ಟಿಯ ಕೆಳಗಿದೆ. ನಾನು ಎಷ್ಟು ಹೇಳಿದರೂ ಅವಳದು ಒಂದೇ ಮಾತು: "ಅಪ್ಪ ಹೂಂ ಅಂದ್ರ ತಗೋತೇನ್ರಿ ಅತ್ತಿ. ಇಲ್ಲಾಂದ್ರ ಕೈಯಾಗಿನ ಲಿಂಗಕ್ಕ ನಾ ಏನಂತ ಹೇಳ್ಲಿ?" ಅಜಯ ಕೈಮುಗಿದು ಬೇಡಿದ. "ನೀವರ ಸುಮ್ಮಕಿರ್ರಿ" ಎಂದು ಎದ್ದು ಹೋದಳು.

ಆದ್ದರಿಂದ ನಿಮಗೆ ಪಾಠ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಸ್ಟಾಟಿನ್ ಯಕೃತ್ತಿನಲ್ಲಿ ಕೊಬ್ಬು ತಯಾರಾಗುವುದನ್ನು ತಗ್ಗಿಸುತ್ತದೆ. ಹೆಚ್ಚಿನವರಿಗೆ ಅದೇ ಸಾಕು, ಇವಳ ಸ್ನಾಯು ತಾಳಲಿಲ್ಲ. ಎಝೆಟಿಮೈಬ್ ಎಂಬುದು ಕರುಳು ಕೊಬ್ಬನ್ನು ಹೀರುವುದನ್ನು ತಡೆಯುತ್ತದೆ; ಕೊಟ್ಟರು, ಐದರಲ್ಲೊಂದು ಪಾಲು ಇಳಿಯಿತು, ಅಷ್ಟೆ. ಬೆಂಪೆಡೋಯಿಕ್ ಆಮ್ಲವೆಂಬುದು ಯಕೃತ್ತನ್ನು ಮುಟ್ಟಿದ ಮೇಲೆಯೇ ಎಚ್ಚರಗೊಳ್ಳುವುದರಿಂದ ಸ್ನಾಯುವಿನ ತಂಟೆಗೆ ಹೋಗದು. ಆದರೆ ಇವಳಿಗೆ ಯೂರಿಕ್ ಆಮ್ಲ ಏರಿ ಕಾಲಿನ ಹೆಬ್ಬೆರಳು ಬದನೆಕಾಯಿಯಂತೆ ಊದಿತು. ಇನ್ನುಳಿದದ್ದು ಇನ್‌ಕ್ಲಿಸಿರಾನ್ ಎಂಬ ಸೂಜಿ. ರಕ್ತದ ಕೊಬ್ಬನ್ನು ಹಿಡಿದೆಳೆದುಕೊಳ್ಳುವ ಕೈಗಳು ಯಕೃತ್ತಿಗೆ ಇವೆಯಂತೆ. ಆ ಕೈಗಳನ್ನು ಮುರಿಯುವ ಪದಾರ್ಥವೊಂದು ದೇಹದಲ್ಲಿಯೇ ಹುಟ್ಟುತ್ತದಂತೆ. ಸೂಜಿ ಆ ಮುರುಕನ ಹುಟ್ಟನ್ನೇ ತಡೆಯುತ್ತದೆ. ಮೊದಲೊಂದು, ಮೂರು ತಿಂಗಳಿಗೊಂದು, ಆಮೇಲೆ ವರ್ಷಕ್ಕೆ ಎರಡೇ. ಬೆಲೆಯ ಮಾತು ನಮ್ಮದು, ನಿಮ್ಮನ್ನು ಕೇಳಿಲ್ಲ.

ಅನರ್ಪಿತವೆಂದಿರಿ. ಹೋದ ವರ್ಷ ಹುಬ್ಬಳ್ಳಿಯಲ್ಲಿ ಕಣ್ಣಿನ ಪೊರೆ ತೆಗೆಸಿ ಒಳಗೊಂದು ಮಸೂರ ಕೂರಿಸಿಕೊಂಡು ಬಂದಿರಲ್ಲ, ಅದನ್ನು ಯಾವ ಅಂಗೈಯಲ್ಲಿಟ್ಟು ಅರ್ಪಿಸಿದಿರಿ? ಆ ಅನರ್ಪಿತ ಕಣ್ಣಿನಿಂದಲೇ ಈಗ ಈ ಪತ್ರವನ್ನು ಓದುತ್ತಿದ್ದೀರಿ.

ನನಗೆ ಬೇಕಾದದ್ದು ನಿಮ್ಮ ಕೈಬರಹದ ಒಂದು ಸಾಲು: 'ಮಗಳೇ, ತೆಗೆದುಕೋ.'

ಗುರುಬಸವ್ವ

*

ಮುಂಡಗೋಡ
೨ ಮಾರ್ಚ್ ೨೦೨೫

ಗುರುಬಸವ್ವನವರಿಗೆ,

ಮಸೂರವು ಕರಣವೇ ಹೊರತು ಆಹಾರವಲ್ಲ. ಊರುಗೋಲು ಕೈಗೆ ಹೇಗೋ ಹಾಗೆ. ಕರಣಕ್ಕೂ ಪದಾರ್ಥಕ್ಕೂ ಇರುವ ಭೇದವನ್ನು ತಿಳಿಯದವರು ಅರ್ಪಿತದ ವಿಷಯದಲ್ಲಿ ನಾಲಿಗೆ ನೀಡಬಾರದು. ಮೂವತ್ತು ವರ್ಷ ಕಾಗುಣಿತ ತಿದ್ದಿದ್ದೀರಿ, ಸಂತೋಷ. ನಾನು ನಲವತ್ತು ವರ್ಷ ಮಠದ ಕಟ್ಟೆಯ ಮೇಲೆ ಕುಳಿತು ಷಟ್‌ಸ್ಥಲವನ್ನು ವಿವರಿಸಿದವನು.

ಇಲ್ಲಿ ನಿಮ್ಮ ಮಾತು ಹಬ್ಬಿದೆ. ಅಜಯ ಯಾರಿಗೋ ಹೇಳಿ, ಆ ಯಾರೋ ಹಳಿಯಾಳದ ಸಂತೆಯಲ್ಲಿ ಹೇಳಿ, ನಮ್ಮ ಬಾಗಿಲಿಗೇ ಬಂದಿತು. ನಿನ್ನೆ ಒಬ್ಬ ಕೇಳಿದ: "ಏನ್ರೀ ಗೌಡ್ರ, ನಿಮ್ಮಪ್ಪಾರು ಲಿಂಗೈಕ್ಯ ಆಗಿದ್ದಲ್ಲಂತ, ಹಾರ್ಟ್‌ಅಟ್ಯಾಕಂತ?" ಅವನ ಜೊತೆಗಿದ್ದವರು ನಕ್ಕರು. ಗದ್ದುಗೆಯ ಮೇಲೆ ಆ ನಗೆ ಬಿದ್ದದ್ದಕ್ಕೆ ನೀವೇ ಹೊಣೆ.

ವಾದ ಸಾಕು, ಪ್ರಮಾಣಕ್ಕೆ ಬನ್ನಿ. ಆ ರೋಗ ನಮ್ಮ ವಂಶದ್ದಾಗಿದ್ದರೆ ನನ್ನ ರಕ್ತದಲ್ಲಿ ಇರಲೇಬೇಕು, ನನ್ನಿಂದಲ್ಲದೆ ಮಗಳಿಗೆ ಬರಲು ಬೇರೆ ದಾರಿಯಿಲ್ಲ. ನಾಳೆಯೇ ರಕ್ತ ಕೊಡುತ್ತೇನೆ. ಅದರಲ್ಲಿ ನೀವು ಹೇಳುವ ಕೊಬ್ಬು ಕಂಡರೆ, ನೀವು ಬೇಡಿದ ಸಾಲನ್ನು ಬರೆದು ಕಳುಹಿಸುವೆ. ಕಾಣದಿದ್ದರೆ, ನೀವು ಮುಂಡಗೋಡಿಗೆ ಬಂದು ನನ್ನ ತಂದೆಯ ಗದ್ದುಗೆಯ ಮುಂದೆ ತಲೆಬಾಗಿ ತಪ್ಪಾಯಿತೆನ್ನಬೇಕು. ಒಪ್ಪಿಗೆಯೇ?

ಚನಬಸಪ್ಪ

*

ಅಂಬೇವಾಡಿ
೮ ಮಾರ್ಚ್ ೨೦೨೫

ಚನಬಸಪ್ಪನವರಿಗೆ,

ಒಪ್ಪಿಗೆ. ಸಾಲನ್ನು ಈಗಲೇ ಬರೆದಿಟ್ಟುಕೊಳ್ಳಿ. ಆಮೇಲೆ ಲೇಖನಿ ಸಿಗದೆ ಹೋದೀತು.

ದ್ರಾಕ್ಷಾಯಣಿ ಉಳವಿ ಕ್ಷೇತ್ರಕ್ಕೆ ಹೋಗಿಬಂದು ಸ್ವಲ್ಪ ದಣಿದಿದ್ದಾಳೆ. ಬೇರೇನಿಲ್ಲ.

ಗುರುಬಸವ್ವ

*

ಮುಂಡಗೋಡ
೨೧ ಮಾರ್ಚ್ ೨೦೨೫

ಗುರುಬಸವ್ವನವರಿಗೆ, ಸತ್ಯಕ್ಕೆ ಜಯವಾದ ದಿನ ಬರೆದದ್ದು.

ಕೆಟ್ಟ ಕೊಬ್ಬು ತೊಂಬತ್ತೆಂಟು. ರಕ್ತ ತೆಗೆದ ಹುಡುಗಿಯ ಮಾತನ್ನು ಇದ್ದಂತೆಯೇ ಬರೆಯುತ್ತೇನೆ: "ಅಜ್ಜಾರ, ಇಪ್ಪತ್ತರ ಹುಡುಗೂರ್ಗೂ ಇಷ್ಟ ಚಲೋ ಇರೂದಿಲ್ರಿ. ಏನ್ ಉಣ್ತೀರಿ?" ನಾನೆಂದೆ: "ಅರ್ಪಿಸಿದ್ದನ್ನ ಉಣ್ತೇನವ್ವಾ." ಕಾಗದದ ನಕಲು ಇದರ ಜೊತೆಗಿದೆ. ನಿಮ್ಮ ಡಾಕ್ಟರಿಗೆ ತೋರಿಸಿ. ಅವನು ಇನ್ನೊಮ್ಮೆ ಕನ್ನಡಕ ತೆಗೆಯಲಿ.

ಈ ಗೆಲುವಿನಲ್ಲಿಯೂ ಒಂದು ಮುಳ್ಳು ಇದೆ. ನಿಮ್ಮಂಥವರಿಗೆ ಅದು ತಿಳಿಯದು. ತಂದೆಯ ಕಣ್ಣಲ್ಲಿ, ಅಣ್ಣನ ಕಣ್ಣಲ್ಲಿ ಮೂಡಿದ ಆ ಬಳೆ ನನ್ನ ಕಣ್ಣಿಗೆ ಒಲಿಯಲಿಲ್ಲ. ಎಷ್ಟು ಕುಳಿತರೂ ಗಿಣ್ಣಿನ ಮೇಲೆ ಗಂಟು ಮೂಡಲಿಲ್ಲ. ನಾನು ಅವರಷ್ಟು ಯೋಗ್ಯನಲ್ಲವೆಂದು ಎಪ್ಪತ್ತೆರಡು ವರ್ಷ ಬದುಕಿಬಂದಿದ್ದೇನೆ. ಆ ಅಯೋಗ್ಯತೆಯೇ ಇಂದು ಮನೆತನದ ಮಾನವನ್ನು ಉಳಿಸಿತು.

ಮಗಳು ಉಳವಿಗೆ ಹೋಗಿದ್ದಳೆಂದು ಓದಿ ತಣಿದೆ. ಆ ಗವಿಯ ಮೆಟ್ಟಿಲು ಹತ್ತುವ ಶಕ್ತಿಯಿದ್ದವಳಿಗೆ ಸೂಜಿ ಏತಕ್ಕೆ?

ಬರುವಾಗ ಕಾಯಿ ತನ್ನಿ. ಇಲ್ಲಿ ನಿಮಗಾಗಿ ನಾನು ಕೊಳ್ಳುವುದಿಲ್ಲ.

ಚನಬಸಪ್ಪ

*

ಅಂಬೇವಾಡಿ
೩೦ ಏಪ್ರಿಲ್ ೨೦೨೫

ಚನಬಸಪ್ಪನವರಿಗೆ,

ನಾನು ಬಂದದ್ದು ನಿಮಗೆ ಗೊತ್ತು. ಕಾಯಿ ತಂದೆ, ತಲೆಬಾಗಿದೆ, ತಪ್ಪಾಯಿತೆಂದೆ. ನೀವು ಒಳಗಿನಿಂದ ಅಗುಳಿ ಹಾಕಿಕೊಂಡು ಕುಳಿತಿರಿ. ಕಿಟಕಿಯ ಪರದೆ ಅಲುಗಿದ್ದನ್ನು ಕಂಡೆ. ಬಿಸಿಲಿನಲ್ಲಿ ಬಂದ ಬೀಗಿತಿಗೆ ಒಂದು ತಂಬಿಗೆ ನೀರು ಕೊಡಬಾರದೆಂದು ಯಾವ ಸ್ಥಲದಲ್ಲಿ ಹೇಳಿದೆಯೋ, ಮಠದ ಕಟ್ಟೆಯವರೇ ಬಲ್ಲರು.

ನೀರು ಕೊಟ್ಟವರು ನಿಮ್ಮ ಅಣ್ಣನ ಹೆಂಡತಿ ಕಾಶೆವ್ವನವರು. ಪಕ್ಕದ ತಮ್ಮ ಮನೆಯ ಹಿತ್ತಿಲ ಬಾಗಿಲಿನಿಂದ ಕರೆದು, ಮಜ್ಜಿಗೆ ಕೊಟ್ಟು, ಮಾತಿಗೆ ಕುಳಿತರು. ದ್ರಾಕ್ಷಾಯಣಿಯ ಗಿಣ್ಣಿನ ಮೇಲೆ ಸಣ್ಣ ಗಂಟುಗಳು ಮೂಡಿವೆ ಎಂದೆ. ಆ ಮುದುಕಿ ನಕ್ಕರು. ಅವರ ಮಾತನ್ನು ಒಂದಕ್ಷರ ತಿದ್ದದೆ ಬರೆಯುತ್ತೇನೆ:

"ಅಕಿ ಅವ್ವ ನೀಲಕ್ಕಗೂ ಇದ್ದುವಲ್ರೀ! ಗಿಣ್ಣಿಗೂ ಇದ್ದು, ಹಿಮ್ಮಡಕ್ಕೂ ಇದ್ದು. ಕಣ್ಣಾಗ ಬಳಿನೂ ಇತ್ತು. ನೀಲಕ್ಕನ ಅವ್ವ ಸಿದ್ದಕ್ಕಗೂ ಇತ್ತು. ಗಂಡಸರ ಗಿಣ್ಣಿಗೆ ಗಂಟಾದ್ರ ಪೂಜಿ ಮಾಡಿ ಆಗ್ಯಾವ ಅಂದ್ರು. ಹೆಂಗಸರಿಗಾದ್ರ ರೊಟ್ಟಿ ಬಡದು ಆಗ್ಯಾವ ಅಂದ್ರು. ಹೆಂಗಸರ ಕಣ್ಣ ಯಾವಾಂವ ನೋಡ್ತಾನ್ರಿ?"

ಬೀಗರೇ, ಸಿದ್ದಕ್ಕ ನಿಮ್ಮ ಸ್ವಂತ ಅಕ್ಕ. ಅಕ್ಕನ ಮಗಳನ್ನೇ ನೀವು ಮದುವೆಯಾದದ್ದು. ಇದು ಎರಡೂ ಮನೆಗೆ ಗೊತ್ತಿದ್ದ ಸಂಗತಿ. ಗೊತ್ತಿದ್ದೂ ನನಗೆ ಹೊಳೆಯಲಿಲ್ಲ, ನಿಮಗೂ ಹೊಳೆಯಲಿಲ್ಲ. ನಿಮ್ಮ ತಂದೆಯ ರಕ್ತದ್ದು ನಿಮ್ಮನ್ನು ಬಿಟ್ಟು, ನಿಮ್ಮ ಅಕ್ಕನಿಗೆ ಇಳಿದು, ಅವಳಿಂದ ನೀಲಕ್ಕನಿಗೆ, ನೀಲಕ್ಕನಿಂದ ದ್ರಾಕ್ಷಾಯಣಿಗೆ ಬಂದಿದೆ. ನಿಮ್ಮಿಂದಲ್ಲದೆ ಬೇರೆ ದಾರಿಯಿಲ್ಲವೆಂದಿರಿ. ದಾರಿ ನಿಮ್ಮ ಮನೆಯೊಳಗೇ ಇತ್ತು. ನಿಮಗೆ ಮೂರು ಹೊತ್ತು ರೊಟ್ಟಿ ಬಡಿದು ಹಾಕುತ್ತಿತ್ತು.

ನೀಲಕ್ಕನವರು ಹೇಗೆ ಹೋದರೆಂದೂ ಕಾಶೆವ್ವನವರು ಹೇಳಿದರು. ಒಲೆಯ ಮುಂದೆ ಎದೆ ಒತ್ತಿಕೊಂಡು, "ಎಡಗೈ ಸೆಳೀತೈತಿ" ಎಂದರಂತೆ. ಮನೆಯವರು ಓಂಕಾಳು ನೀರು ಕುಡಿಸಿದರಂತೆ. ವಯಸ್ಸು ಐವತ್ತೆರಡು. ಹೆಂಚಿನ ಮೇಲಿನ ರೊಟ್ಟಿ ಕರಕಾಗುವಷ್ಟರಲ್ಲಿ ಮುಗಿದಿತ್ತು. ಗಂಡಸರು ಜಗಲಿಯ ಮುಂದೆ ಹೋದರು, ಲಿಂಗೈಕ್ಯ. ಅವಳು ಒಲೆಯ ಮುಂದೆ ಹೋದಳು, ಗ್ಯಾಸು.

ಇನ್ನು ನಾನು ನಿಮಗೆ ಬರೆಯದಿದ್ದದ್ದು. ದ್ರಾಕ್ಷಾಯಣಿ ಉಳವಿಯ ಮೆಟ್ಟಿಲು ಹತ್ತಲಿಲ್ಲ. ಅರ್ಧದಲ್ಲಿ ಎದೆ ಹಿಡಿದು ಕುಳಿತಳು. ಅಲ್ಲಿಂದ ನೇರ ಧಾರವಾಡಕ್ಕೆ ಒಯ್ದೆವು. ಹೃದಯದ ಒಂದು ರಕ್ತನಾಳ ಮುಚ್ಚಿತ್ತು. ಅರ್ಪಿತ ಅನರ್ಪಿತ ಕೇಳುವಷ್ಟು ಎಚ್ಚರ ಅವಳಿಗಿರಲಿಲ್ಲ; ಸ್ಟೆಂಟ್ ಎಂಬ ಜಾಳಿಗೆ ಕೊಳವೆ ಕೂರಿಸಿ ತೆರೆದಿದ್ದಾರೆ. "ಅಪ್ಪಗ ಹೇಳಬ್ಯಾಡ್ರಿ ಅತ್ತಿ, ಅಂವ ಒಬ್ಬಾಂವನ ಇರ್ತಾನ" ಎಂದು ಕೈ ಹಿಡಿದಳು. ಅವಳ ಮಾತಿಗೆ ಕಟ್ಟುಬಿದ್ದು 'ದಣಿದಿದ್ದಾಳೆ' ಎಂದು ಬರೆದೆ. ನೀವದನ್ನು ಓದಿ ತಣಿದಿರಿ.

ಇನ್ನೊಂದು ನಾಳ ಅರ್ಧ ಮುಚ್ಚಿದೆ. ಕೊಬ್ಬು ಇಳಿಯದಿದ್ದರೆ ಅದೂ ಪೂರ್ತಿ ಮುಚ್ಚುತ್ತದೆ. ಅವಳು ಇನ್ನೂ ನಿಮ್ಮ ಸಾಲಿಗಾಗಿ ಕಾಯುತ್ತಿದ್ದಾಳೆ.

ಗುರುಬಸವ್ವ

*

ಅಂಬೇವಾಡಿ
೧೫ ಜೂನ್ ೨೦೨೫

ಚನಬಸಪ್ಪನವರಿಗೆ,

ಮೇ ಕಳೆಯಿತು, ನಿಮ್ಮಿಂದ ಒಂದಕ್ಷರವಿಲ್ಲ. ಮೌನವೂ ಒಂದು ವ್ರತವೆಂದು ನಿಮ್ಮ ಪುರಾಣದಲ್ಲಿರಬಹುದು.

ಮೊಮ್ಮಗಳು ಐಶ್ವರ್ಯಾಳ ರಕ್ತವನ್ನೂ ನೋಡಿಸಿದೆವು. ಹತ್ತು ವರ್ಷದ ಮಗುವಿನ ಕಣ್ಣಲ್ಲಿ ಬಳೆ ಇನ್ನೂ ಮೂಡಿಲ್ಲ. ರಕ್ತದಲ್ಲಿ ಇದೆ. ಅವಳಿಗೆ ಸಣ್ಣ ಪ್ರಮಾಣದ ಗುಳಿಗೆಯೇ ಸಾಕಾಗಬಹುದಂತೆ; ಸ್ಟಾಟಿನ್ ಎಲ್ಲರ ಮೈಯನ್ನೂ ನೋಯಿಸುವುದಿಲ್ಲವಂತೆ. ಆದರೆ ಆ ಮಗು ತಾಯಿಯನ್ನು ಕೇಳಿತು: "ನೀ ಸೂಜಿ ಒಲ್ಲೆ ಅಂತಿ. ಮತ್ತ ನಾ ಯಾಕ ಗುಳಿಗಿ ತಗೋಬೇಕು?" ದ್ರಾಕ್ಷಾಯಣಿ ಗುಳಿಗೆಯ ಡಬ್ಬಿಯನ್ನು ಜಗಲಿಯ ಮೇಲಿಟ್ಟು ಒಳಗೆ ಹೋದಳು. ಅದಕ್ಕೆ ಉತ್ತರ ನೀವೇ ಬರೆಯಿರಿ.

ಸೂಜಿಗೆ ಜುಲೈ ನಾಲ್ಕನ್ನು ಗೊತ್ತುಮಾಡಿದ್ದಾರೆ. ಅಷ್ಟರೊಳಗೆ ನಿಮ್ಮ ಸಾಲು ಬರದಿದ್ದರೆ ನಾನು ಇನ್ನು ಬರೆಯುವುದಿಲ್ಲ. ಬರೆಯಬೇಕಾಗಿ ಬರುವ ಸುದ್ದಿಯನ್ನು ಬೇರೆ ಯಾರಾದರೂ ಬರೆದಾರು.

ಗುರುಬಸವ್ವ

*

ಮುಂಡಗೋಡ
೨೬ ಜೂನ್ ೨೦೨೫

ಗುರುಬಸವ್ವನವರಿಗೆ,

ನಿಮ್ಮ ಮೇಲಿನ ಕೋಪ ಇಳಿದು ಈ ಪತ್ರ ಬರೆಯುತ್ತಿದ್ದೇನೆಂದು ಭಾವಿಸಬೇಡಿ. ನನ್ನ ಮಗಳ ಎದೆ ಕೊಯ್ಯಿಸಿ ಎರಡು ತಿಂಗಳು ನನಗೆ ಹೇಳದೆ ಇದ್ದಿರಿ. ಅದನ್ನು ನಾನು ಸಾಯುವತನಕ ಮರೆಯುವುದಿಲ್ಲ.

ಏಪ್ರಿಲಿನ ಪತ್ರ ತಲುಪಿದ ದಿನ ಕಾಶೆವ್ವ ಅತ್ತಿಗೆಯ ಮೇಲೆ ಹರಿಹಾಯ್ದೆ. "ಮನಿ ಮಾತು ಬೀಗಿತಿ ಮುಂದ ಯಾಕ ಬಿಚ್ಚಿದಿ?" ಎಂದೆ. ಆಕೆ ಸೆರಗು ಕೊಡವಿ, "ನಿನ್ನ ಮುಂದ ಬಿಚ್ಚಿದ್ರ ನೀ ಎಂದರ ಕೇಳಿಯೇನೋ ಮೈದುನಾ?" ಎಂದು ಒಳಗೆ ಹೋದಳು. ಅಂದಿನಿಂದ ನನಗೆ ರೊಟ್ಟಿ ಕಳುಹಿಸುವುದನ್ನೂ ನಿಲ್ಲಿಸಿದ್ದಾಳೆ. ಅನ್ನ ಬೇಯಿಸಿಕೊಳ್ಳುತ್ತಿದ್ದೇನೆ.

ನಂಬಲಿಲ್ಲ. ನಂಬದೆ, ನಮ್ಮ ಬಳೆಗಾರನಿಗೆ ಹೇಳಿಕಳುಹಿಸಿದೆ. ಪಂಚಮಿಗೆ ವರ್ಷವರ್ಷವೂ ಮನೆಗೆ ಬರುತ್ತಿದ್ದವನು. ನೀಲಕ್ಕನ ಕೈ ನೆನಪಿದೆಯೇ ಎಂದೆ. "ನೆನಪಿಲ್ದ ಏನ್ರಿ? ಅವ್ವಾರ ಗಿಣ್ಣು ದಾಟಿ ಬಳಿ ಏರಿಸೂದಂದ್ರ ನನಗ ಜೀವ ಹೋಗ್ತಿತ್ತು. ಕಡೀ ವರ್ಷ ಮೂರು ಬಳಿ ಒಡದ್ವು. 'ಹೋಗ್ಲಿ ಬಿಡೋ, ರೊಟ್ಟಿ ಬಡಿಯೂ ಕೈಗೆ ಬಳಿ ಯಾಕ' ಅಂತ ನಕ್ಕಿದ್ರು" ಎಂದನು. ಅವನಿಗೆ ಸುಳ್ಳು ಹೇಳಿ ಆಗಬೇಕಾದದ್ದೇನೂ ಇಲ್ಲ.

ನನ್ನ ತಂದೆ ಮತ್ತು ಅಣ್ಣ ಲಿಂಗೈಕ್ಯರಾದರೆಂಬುದನ್ನು ನಾನು ಬಿಟ್ಟುಕೊಡುವುದಿಲ್ಲ. ಯಾವ ನಾಳ ಮುಚ್ಚಿತೋ ಅದನ್ನು ನಿಮ್ಮ ಡಾಕ್ಟರು ನೋಡಿಕೊಳ್ಳಲಿ; ಆ ಗಳಿಗೆಯಲ್ಲಿ ಅವರ ದೃಷ್ಟಿ ಎಲ್ಲಿ ನೆಟ್ಟಿತ್ತೆಂಬುದನ್ನು ನಾನು ಕಣ್ಣಾರೆ ಕಂಡವನು. ಆದರೆ ಗುರುತು ಶಿವನದೇ ಆದರೆ ಅವನು ಅದನ್ನು ಒಲೆಯ ಮುಂದೆ ಕುಳಿತವಳಿಗೂ ಕೊಟ್ಟಿದ್ದ. ರೋಗದ್ದೇ ಆದರೆ ಜಗಲಿಯ ಮುಂದೆ ಕುಳಿತವರಿಗೂ ರೋಗವೇ. ಎರಡು ತಕ್ಕಡಿ ಹಿಡಿಯಲು ನನಗೆ ಶಾಸ್ತ್ರದ ಅನುಮತಿಯಿಲ್ಲ. ತಂದೆಯ ಗದ್ದುಗೆ, ಅಣ್ಣನ ಗದ್ದುಗೆ, ಅವುಗಳ ಸಾಲಿನಲ್ಲಿಯೇ ನೀಲಕ್ಕನ ಸಮಾಧಿಗೂ ಕಲ್ಲು ಕಟ್ಟಿಸಿದ್ದೇನೆ. ಇಷ್ಟು ಕಾಲ ಅಲ್ಲಿ ಮಣ್ಣಿನ ಗುಪ್ಪೆಯಿತ್ತು. ಊರವರು ಕೇಳಿದರು, ಕಲ್ಲಿಗೆ ವಿಭೂತಿ ಹಚ್ಚಿದೆ.

ಅರ್ಪಿತದ ವಿಷಯ. ಲಿಂಗವು ಅಂಗದ ಮೇಲಿರುವಾಗ ಅಂಗವನ್ನು ಮುಟ್ಟಿದ್ದು ಲಿಂಗವನ್ನು ಮುಟ್ಟಿದಂತೆಯೇ. ಬಾಯಿ ಒಂದೇ ಬಾಗಿಲಲ್ಲ, ಚರ್ಮವೂ ಬಾಗಿಲೇ. ಔಷಧವನ್ನು ಸೂಜಿಗೆ ಮೊದಲು ಅಂಗೈಯ ಲಿಂಗಕ್ಕೆ ತೋರಿಸಿದರೆ ಅದು ಪ್ರಸಾದವೇ ಆಗುತ್ತದೆ. ಇದು ನಿಮ್ಮ ವಾದವಲ್ಲ, ನನ್ನ ಗುರುಗಳದು. ಗೆದ್ದೆನೆಂದು ಬೀಗಬೇಡಿ.

ಮಗಳಿಗೆ ಬರೆದ ಸಾಲು ಜೊತೆಗಿದೆ. ಮಡಿಸಿಲ್ಲ, ನೀವೂ ಓದಬಹುದು.

'ದ್ರಾಕ್ಷಾಯಣಿ, ನಿನ್ನ ಅವ್ವಗ ಕೊಡಲಾರದ್ದು ಇದು. ಅರ್ಪಿಸಿ ತಗೋ. ಮಗಳಿಗೂ ಗುಳಿಗಿ ಕೊಡು. ಅಪ್ಪ.'

ನೀವು ಇತ್ತ ಬರುವ ಅಗತ್ಯವಿಲ್ಲ.

ಚನಬಸಪ್ಪ

*

ಅಂಬೇವಾಡಿ
೭ ಜುಲೈ ೨೦೨೫

ಚನಬಸಪ್ಪನವರಿಗೆ,

ಮೊದಲು ಒಂದು ತಿದ್ದುಪಡಿ. ಸ್ಟೆಂಟ್ ಕೂರಿಸಲು ಎದೆ ಕೊಯ್ಯುವುದಿಲ್ಲ. ಮುಂಗೈಯ ನಾಳದಿಂದ ಒಯ್ಯುತ್ತಾರೆ. ಬೈಯುವಾಗಲಾದರೂ ಸರಿಯಾಗಿ ಬೈಯಿರಿ.

ನಾಲ್ಕನೆಯ ತಾರೀಖು ಸೂಜಿ ಆಯಿತು. ನರ್ಸು ಔಷಧ ತುಂಬಿದ ಸಿರಿಂಜನ್ನು ಹೊರತೆಗೆದೊಡನೆ ನಿಮ್ಮ ಮಗಳು "ಒಂದೀಟ ತಡೀರಿ" ಎಂದು ಕೈ ಚಾಚಿದಳು. "ಇದನ್ನೇನ ನುಂಗತೀರೇನ್ರಿ ಅಕ್ಕಾರ?" ಎಂದು ಆಕೆ ಗಾಬರಿಯಾದಳು. ಅಂಗೈಯಲ್ಲಿ ಲಿಂಗ, ಅದರ ಮುಂದೆ ಮುಚ್ಚಳ ತೆಗೆಯದ ಸಿರಿಂಜು, ದ್ರಾಕ್ಷಾಯಣಿ ಕಣ್ಣುಮುಚ್ಚಿದಳು. ನರ್ಸು ನನ್ನ ಮುಖ ನೋಡಿದಳು. "ಅವರಪ್ಪ ಹೇಳ್ಯಾನವ್ವಾ" ಎಂದೆ. ಆಮೇಲೆ ಹೊಟ್ಟೆಯ ಚರ್ಮಕ್ಕೆ ಚುಚ್ಚಿದರು. ಹೂಗಿಡದ ಮುಳ್ಳು ತಾಗಿದಷ್ಟು ನೋವೂ ಆಗಲಿಲ್ಲವಂತೆ. ಮುಂದಿನದು ಅಕ್ಟೋಬರಿನಲ್ಲಿ. ಐಶ್ವರ್ಯಾ ಅದೇ ದಿನ ಗುಳಿಗೆ ಅಂಗೈಯಲ್ಲಿಟ್ಟುಕೊಂಡು ತಾಯಿಯನ್ನು ನೋಡಿ ನುಂಗಿದಳು. ಕೊಬ್ಬು ಎಷ್ಟು ಇಳಿಯುವುದೋ ಕಾದು ನೋಡಬೇಕು. ಇಳಿಯಿತೆಂದು ಈಗಲೇ ಬರೆದು ನಿಮ್ಮನ್ನು ತಣಿಸುವುದಿಲ್ಲ.

ನಿಮ್ಮ ಸಾಲು ಈಗ ಜಗಲಿಯ ಮೇಲಿದೆ. ಹಳೆಯ ಪತ್ರವನ್ನು ಅವಳೇ ತೆಗೆದು ಒಲೆಗೆ ಹಾಕಿದಳು.

ಬರುವ ಅಗತ್ಯವಿಲ್ಲವೆಂದಿರಿ. ಬರುತ್ತೇನೆ. ಹೋದ ಸಲ ಸೋತವಳು ಬಂದು ನಿಮ್ಮ ಗಂಡಸರ ಕಲ್ಲುಗಳಿಗೆ ತಲೆಬಾಗಿದೆ. ಈ ಸಲ ನೀಲಕ್ಕನ ಕಲ್ಲಿಗೆ, ಪಂದ್ಯವಿಲ್ಲದೆ. ದ್ರಾಕ್ಷಾಯಣಿಯೂ ಜೊತೆಗಿರುತ್ತಾಳೆ, ಅವಳ ಗಿಣ್ಣಿಗೆ ಹಿಡಿಯುವ ಅಳತೆಯ ಹಸಿರು ಬಳೆಗಳನ್ನು ಆ ಬಳೆಗಾರನಿಗೆ ಹೇಳಿಡಿ. ಕಾಯಿಯನ್ನು ನಾನೇ ತರುತ್ತೇನೆ.

ನೀವು ಮೊದಲಿನಂತೆಯೇ ಅಗುಳಿ ಹಾಕಿಕೊಂಡು ಒಳಗೆ ಕುಳಿತಿರಬಹುದು. ನೀರನ್ನು ಮಾತ್ರ ಹೊರಗಿಡಿ; ಮಗಳು ಬಿಸಿಲಿನಲ್ಲಿ ಬಂದಿರುತ್ತಾಳೆ.

ಗುರುಬಸವ್ವ